ಮೀನಿನ ಕಲ್ಲು ಮುಳುಗಿದ ವರ್ಷ

ನಮ್ಮ ಸೀಮೆಯಲ್ಲಿ ಆಗೆಲ್ಲ ಮಕ್ಕಳ ವಯಸ್ಸನ್ನು ವರ್ಷದಿಂದ ಹೇಳುತ್ತಿರಲಿಲ್ಲ, ಕೆರೆ ಕೋಡಿ ಬಿದ್ದದ್ದರಿಂದ ಹೇಳುತ್ತಿದ್ದರು. ನಾನು ಹುಟ್ಟಿದ್ದು ಕೋಡಿ ಬಿದ್ದ ವರ್ಷ. ಅದು ಮತ್ತೆ ಬೀಳುವ ಹೊತ್ತಿಗೆ ನನ್ನ ಹಾಲುಹಲ್ಲೆಲ್ಲ ಉದುರಿ ಹೊಸ ಹಲ್ಲು ಬಂದಿದ್ದವು. ನಡುವಿನ ವರ್ಷಗಳಲ್ಲಿ ಹುಟ್ಟಿದವರನ್ನು ‘ಒಣಗೂಸು’ ಎಂದು ನಾವು ರೇಗಿಸುತ್ತಿದ್ದೆವು.

ಮಹಾರಾಜರ ಕಾಲ ಅದು. ಹುಲಿಕುಂಟೆಯಿಂದ ಎರಡು ಹರಿದಾರಿ ನಡೆದರೆ ನಮ್ಮೂರು. ಸುತ್ತ ಬೋಳುಗುಡ್ಡ, ಕಳ್ಳಿ, ಕೆಂಪು ಮಣ್ಣು. ಎರಡು ಗುಡ್ಡಗಳ ನಡುವೆ ಯಾವ ಕಾಲದಲ್ಲೋ ಯಾರೋ ಮಣ್ಣು ಹೊತ್ತು ಹಾಕಿದ ಏರಿ, ಅದರ ಹಿಂದೆ ಕೆರೆ. ಮಳೆ ಬಂದರೆ ಅದು ಕೆರೆ, ಬಾರದಿದ್ದರೆ ನಾವು ಕುಂಟೆಬಿಲ್ಲೆ ಆಡುವ ಬಯಲು. ಮಳೆ ಬಾರದ ವರ್ಷಗಳೇ ಹೆಚ್ಚಾದ್ದರಿಂದ ನಮಗೆ ಆಟಕ್ಕೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಅನ್ನಕ್ಕೆ. ಮುದ್ದೆ, ನವಣೆ, ಹುರುಳಿ ಇವೇ ಊಟ. ಅನ್ನದ ಗಮ ಮೂಗಿಗೆ ಬಿದ್ದರೆ ಯಾರ ಮನೆಗೆ ನೆಂಟರು ಬಂದರು ಎಂದು ಬೀದಿಯೆಲ್ಲ ವಿಚಾರಿಸುತ್ತಿತ್ತು.

ಕೆರೆಗೆ ಒಡೆಯ ಎಂದರೆ ನೀರಗಂಟಿ ಮಾರಜ್ಜ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಎಲ್ಲ ಅವನದೇ. ಪಟೇಲನಾಗಿದ್ದ ನಮ್ಮಪ್ಪ ಕೂಡ ತೂಬಿನ ಕೋಲು ಮುಟ್ಟುವ ಹಾಗಿರಲಿಲ್ಲ. ಅಜ್ಜನಿಗೆ ಗಂಟಲು ಬಿದ್ದುಹೋಗಿ, ಏರಿಯ ಮೇಲೆ ನಿಂತು ನೀರಿನ ಸರದಿ ಕೂಗುವ ಕೆಲಸ ಅವನ ಮೊಮ್ಮಗಳು ಸಣ್ಣಿಗೆ ಬಂದಿತ್ತು. ಅವಳು ನನ್ನ ಓರಗೆಯವಳು, ನನ್ನ ಜೀವದ ಗೆಳತಿ. “ಮೇಗಳ ಗದ್ದೇರು ಮಡೆ ಕಟ್ರೋ! ಕೆಳಗಳ ಗದ್ದೇರು ಬುಟ್ಕಳ್ರೋ!” ಎಂದು ಸಣ್ಣಿ ಕೂಗಿದರೆ ಗುಡ್ಡ ಮರುದನಿ ಕೊಡುತ್ತಿತ್ತು. ಊರು ಇಷ್ಟಕ್ಕೆ ನಗುತ್ತಿತ್ತು. ಅಷ್ಟು ಚಿಕ್ಕ ಹುಡುಗಿ ಅಷ್ಟು ದೊಡ್ಡ ಗಂಡಸರನ್ನು ಗದರಿದಂತೆ ಕೇಳಿಸುತ್ತಿತ್ತಲ್ಲ!

ಏರಿಯ ಬಡಗಣ ಕೊನೆಯಲ್ಲಿ ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಅಲ್ಲಿಂದ ಹರಿದು ಕೆಳಗಿನ ಊರಿನ ಕೆರೆಗೆ ಹೋಗುತ್ತಿತ್ತು. ಕೋಡಿಯ ಪಕ್ಕ ಒಂದು ನಿಂತ ಕಲ್ಲು, ಅದರ ಮೇಲೆ ಕೆತ್ತಿದ ಮೀನು. ನೀರು ಆ ಮೀನಿನ ಹೊಟ್ಟೆ ಮುಟ್ಟಿದರೆ ಕೋಡಿ ಬಿತ್ತೆಂದು ಲೆಕ್ಕ. “ಹೊಟ್ಟೆ ನೆಂದ್ರೆ ಹಬ್ಬ ಕಣ್ರವ್ವಾ, ಬೆನ್ನು ಮುಳುಗಿದ್ರೆ ಕೇಡು,” ಎಂದು ಮಾರಜ್ಜ ನಮ್ಮಿಬ್ಬರಿಗೂ ಬಾಯಿಪಾಠ ಮಾಡಿಸಿದ್ದ.

ಆ ವರ್ಷ ಉತ್ತರೆ ಮಳೆಗೆ ಮೀನಿನ ಹೊಟ್ಟೆ ನೆನೆಯಿತು. ಹೆಂಗಸರು ಅರಿಸಿನ ಕುಂಕುಮ ಬಿಟ್ಟು ಗಂಗಮ್ಮನಿಗೆ ಮಡಿಲು ತುಂಬಿದರು. ನಾನೂ ಸಣ್ಣಿಯೂ ಮೀನಿನ ಬಾಯಿಗೆ ಬೆಲ್ಲ ಮೆತ್ತಿದೆವು. ಮೂರು ದಿನ ಕೋಡಿ ಹರಿಯಿತು. ನಾಲ್ಕನೆಯ ದಿನ ಗಂಡಸರ ಮುಖ ಸಪ್ಪಗಾಯಿತು. ಎಷ್ಟೋ ವರ್ಷಕ್ಕೆ ಬಂದ ನೀರು ಕಣ್ಣೆದುರೇ ಬೇರೆ ಊರಿಗೆ ಹೋಗುತ್ತಿದೆ.

ಕೋಡಿಗೆ ಒಂದು ಮೊಳ ಕಟ್ಟೆ ಕಟ್ಟೋಣ ಎಂದದ್ದು ನಮ್ಮಪ್ಪ.

“ಬ್ಯಾಡಿ ಪಟೇಲ್ರೆ,” ಎಂದ ಮಾರಜ್ಜ. “ಮಟ್ಟ ಇಟ್ಟೋರು ದಡ್ಡರಲ್ಲ. ಏರಿ ಮೇಲೆ ಗಾಡಿ ಜಾಡು ಸವೆದು ತಗ್ಗಾಗೈತೆ. ಇನ್ನೊಂದು ಮಳೆ ಬಂದ್ರೆ ನೀರು ಅಲ್ಲೇ ಹತ್ತತೈತೆ.”

“ಇನ್ನೊಂದು ಮಳೆ ನಮ್ಮ ಸೀಮೇಲಿ ಯಾವಾಗ್ ಬಂದಿತ್ತಜ್ಜ?” ಎಂದು ಅಪ್ಪ ನಕ್ಕ. “ಒಂದು ಮೊಳ ನಿಂತ್ರೆ ಬ್ಯಾಸಿಗೆ ಬತ್ತದ ಬೆಳೇನೂ ಖಾತ್ರಿ. ಮಕ್ಕಳು ಅನ್ನ ಉಣ್ಲಿ ಬುಡು.”

ಅನ್ನ ಎಂದ ಮೇಲೆ ಎದುರು ಮಾತಾಡುವವರು ಯಾರು? ಊರಿಗೆ ಊರೇ ಕಲ್ಲು ಹೊತ್ತಿತು. ಕಲ್ಲಿನ ಸಂದಿಗೆ ಗರಿಕೆ ಬೇರಿನ ಹಸಿ ಮಣ್ಣಿನ ಹೆಂಟೆ ತುರುಕಬೇಕು, ಅದನ್ನು ತರುವುದು ಮಕ್ಕಳ ಪಾಲು. ಮಂಕರಿ ತುಂಬ ಹೆಂಟೆ ಹೊತ್ತು ನಾನು ಎಷ್ಟು ಸಲ ಓಡಾಡಿದೆನೋ! ಆ ಹಸಿಮಣ್ಣಿನ ವಾಸನೆ, ಕುತ್ತಿಗೆಯ ಮೇಲೆ ಇಳಿಯುವ ಕೆಸರು, ಎಲ್ಲರೂ ಶಭಾಷ್ ಎನ್ನುವ ಖುಷಿ. ಸಣ್ಣಿ ಮಾತ್ರ ಬರಲಿಲ್ಲ, ಅಜ್ಜನ ಪಕ್ಕದಲ್ಲಿ ಕೂತಿದ್ದಳು. “ಬಾರೇ ಸೋಂಬೇರಿ” ಎಂದು ಕರೆದೆ. ಮುಖ ತಿರುಗಿಸಿದಳು. ಅವತ್ತು ನಾವು ಮಾತು ಬಿಟ್ಟೆವು.

ಎಂಟು ದಿನಕ್ಕೆ ನೀರು ಕಟ್ಟೆಯ ನೆತ್ತಿಗೆ ಬಂತು. ಮೀನಿನ ಬೆನ್ನು ಕಾಣದಾಯಿತು. ಕಟ್ಟೆಯ ಹೆಂಟೆಗಳಲ್ಲಿ ಗರಿಕೆ ಚಿಗುರಿತು. ಒಟ್ಲು ಪೈರು ಕಿತ್ತು ನಾಟಿ ಶುರುವಾಯಿತು. ಏರಿಯ ಕೆಳಗೆ ಊರಿನ ಹೆಂಗಸರೆಲ್ಲ ಸಾಲಾಗಿ ಬಗ್ಗಿ ಹಾಡು ಹೇಳುತ್ತ ನಾಟಿ ಹಾಕುತ್ತಿದ್ದರು.

ಅಪ್ಪ ನಕ್ಕು ತಳ್ಳಿಹಾಕಿದ್ದ ಆ ಇನ್ನೊಂದು ಮಳೆ ಚಿತ್ತೆಯಲ್ಲಿ ಬಂತು. ನಮ್ಮ ಊರಿಗೆ ನಾಲ್ಕು ಹನಿ ಬಿದ್ದದ್ದಷ್ಟೇ, ಹೊಯ್ದದ್ದೆಲ್ಲ ಮೇಲಿನ ಗುಡ್ಡಗಳಲ್ಲಿ. ಬೆಳಿಗ್ಗೆ ಹಳ್ಳ ಕೆಂಪಗೆ ಇಳಿದು ಕೆರೆ ಸೇರುವುದನ್ನು ಕಂಡ ಮಾರಜ್ಜ ಹಾರೆ ಹಿಡಿದು ಸಣ್ಣಿಯೊಡನೆ ಕೋಡಿಗೆ ಬಂದ. ನಾನು ಅಪ್ಪನ ಜೊತೆ ಅಲ್ಲೇ ಇದ್ದೆ.

“ಕಿತ್ತಾಕ್ತೀನಿ ಪಟೇಲ್ರೆ. ಈಗಲೇ.”

“ಸಂಜೆಗಂಟ ನೋಡಾನ ತಡಿಯಜ್ಜ.”

“ಸಂಜೆಗಂಟ ಏರಿ ನೋಡಕಿಲ್ಲ!”

ಅಪ್ಪ ಅವನ ಕೈಯಿಂದ ಹಾರೆ ಕಿತ್ತುಕೊಂಡ. ಹೊಡೆಯಲಿಲ್ಲ, ಬೈಯಲಿಲ್ಲ, ಮಗುವಿನ ಕೈಯಿಂದ ಕುಡುಗೋಲು ತೆಗೆದುಕೊಳ್ಳುವ ಹಾಗೆ ಮೆಲ್ಲಗೆ ಕಿತ್ತುಕೊಂಡ. ಮಾರಜ್ಜ ಬರಿಗೈಯನ್ನು ಒಂದು ಗಳಿಗೆ ನೋಡಿಕೊಂಡು, ಹಿಂದೆ ತಿರುಗಿ, “ಸಣ್ಣೀ, ಗದ್ದೇಲಿರೋರ್ನ ಮ್ಯಾಕೆ ಕರಿ,” ಎಂದ.

ಸಣ್ಣಿ ಏರಿಯ ಮೇಲೆ ನಿಂತು ಕೂಗಿದಳು. ಕೆಳಗೆ ಹೆಂಗಸರು ತಲೆ ಎತ್ತಿ ನಕ್ಕರು. ಅವಳು ಏರಿಯ ಮೇಲೆ ನಿಂತು ಕೂಗುವುದು ದಿನವೂ ಇದ್ದದ್ದೇ. “ಇವತ್ತು ನಮ್ಮ ಸರದಿ ಅಲ್ಲ ಕಣಮ್ಮಿ!” ಎಂದು ಯಾರೋ ಕೂಗಿ ಹೇಳಿ ಮತ್ತೆ ಬಗ್ಗಿದರು. ಸಣ್ಣಿ ಎರಡನೆಯ ಸಲ ಕೂಗಲಿಲ್ಲ. ಲಂಗ ಎತ್ತಿಕಟ್ಟಿ ಏರಿ ಇಳಿದು ಓಡಿದಳು. ಬದುವಿನಿಂದ ಬದುವಿಗೆ ಹಾರಿ ಒಬ್ಬೊಬ್ಬರ ಸೆರಗು ಹಿಡಿದು ಎಳೆದಳು. ಬುತ್ತಿ ಹೊತ್ತು ಗದ್ದೆಗೆ ಹೋಗಿದ್ದ ನಮ್ಮಮ್ಮನ ತಲೆಯ ಮೇಲಿನ ಕುಕ್ಕೆಯನ್ನೇ ಕೆಡವಿಬಿಟ್ಟಳಂತೆ. ಅಮ್ಮ ಸಿಟ್ಟಿನಿಂದ ಅವಳನ್ನು ಹೊಡೆಯಲು ಅಟ್ಟಿಸಿಕೊಂಡು ದಿಬ್ಬ ಹತ್ತಿದಳು. ಹಾಗೆ ಬದುಕಿದಳು.

ಅಮ್ಮನನ್ನು ದಿಬ್ಬ ಮುಟ್ಟಿಸಿ, ಕೊನೆಯ ಗದ್ದೆಯಲ್ಲಿ ಉಳಿದಿದ್ದ ಇಬ್ಬರನ್ನು ಕರೆಯಲು ಸಣ್ಣಿ ಮತ್ತೆ ಇಳಿದಳು. ಅಷ್ಟರಲ್ಲಿ ಗಾಡಿ ಜಾಡಿನ ತಗ್ಗಿನಲ್ಲಿ ನೀರು ಹತ್ತಿತ್ತು. ಮೊದಲು ಜಡೆಯಷ್ಟು ದಪ್ಪ ಇಳಿಯಿತು. ಆಮೇಲೆ ಏರಿಯೇ ಇರಲಿಲ್ಲ. ಆ ಸದ್ದನ್ನು ನಾನು ವರ್ಣಿಸಲಾರೆ. ಅಷ್ಟು ವರ್ಷ ಕಾದ ನೀರು ಒಂದು ಊಟದ ಹೊತ್ತಿನಲ್ಲಿ ಮುಗಿದುಹೋಯಿತು. ಇಬ್ಬರು ಹೆಂಗಸರೂ ಸಣ್ಣಿಯೂ ಮರುದಿನ ಕೆಳಗಿನ ಊರಿನ ಜಾಲಿ ಮೆಳೆಯಲ್ಲಿ ಹೆಣವಾಗಿ ಸಿಕ್ಕರು. ನಾನು ಅವಳೊಡನೆ ಇನ್ನೂ ಮಾತು ಬಿಟ್ಟೇ ಇದ್ದೆ.

ವಾರದೊಳಗೆ ಅಮಲ್ದಾರರು ಕುದುರೆಯ ಮೇಲೆ ಬಂದರು. ಕೋಡಿಯಲ್ಲಿ ಕಟ್ಟೆ ಹಾಗೆಯೇ ನಿಂತಿತ್ತು, ಗರಿಕೆ ಹಸಿರಾಗಿತ್ತು. ಹಿಂದೆ ಮಾತ್ರ ನೀರಿರಲಿಲ್ಲ.

“ಕೋಡಿ ಎತ್ತರಿಸಿದ್ದು ಯಾರು?”

ಇಡೀ ಊರು ನೆಲ ನೋಡಿತು. ಎರಡು ಸಲ ಕೇಳಿದರು, ಮೂರನೆಯ ಸಲ ಅವರ ಕಣ್ಣು ಅಪ್ಪನ ಪಕ್ಕದಲ್ಲಿದ್ದ ನನ್ನ ಮೇಲೆ ಬಿತ್ತು. “ಮಗೂ, ನೀನು ಹೇಳು. ಮಕ್ಕಳು ಸುಳ್ಳು ಹೇಳುವುದಿಲ್ಲ.”

ಅಪ್ಪನ ಕೈ ನನ್ನ ಹೆಗಲ ಮೇಲಿತ್ತು. ಅದು ಒತ್ತಲಿಲ್ಲ. ಅಪ್ಪನ ಪರವಾಗಿ ನಾನು ಹೇಳಬಲ್ಲದ್ದು ಅಷ್ಟೇ. ಆದರೆ ಅವನು ಒಂದು ಹೆಜ್ಜೆ ನನ್ನ ಹಿಂದಕ್ಕೆ ಸರಿದಿದ್ದ. ಅಪ್ಪ ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಮಾರಜ್ಜ,” ಎಂದೆ.

ಯಾರೂ ಅಲ್ಲವೆನ್ನಲಿಲ್ಲ. ಸಣ್ಣಿ ಸೆರಗು ಹಿಡಿದು ಎಳೆದು ಬದುಕಿಸಿದ ಹೆಂಗಸರೂ ಅನ್ನಲಿಲ್ಲ. ಅವರ ನಡುವೆ ಅಮ್ಮನಿದ್ದಳು. ಮಾರಜ್ಜ ನನ್ನನ್ನೇ ನೋಡಿದ. ಸಿಟ್ಟಿನ ನೋಟವಾಗಿದ್ದರೆ ನಾನು ಇಷ್ಟು ವರ್ಷ ಹೇಗೋ ತಡೆದುಕೊಳ್ಳುತ್ತಿದ್ದೆ.

“ದಿಟ ಬುದ್ದಿ,” ಎಂದ ಅವನು ಆ ಬಿದ್ದುಹೋದ ಗಂಟಲಲ್ಲಿ. “ನಾನೇ ಕಟ್ಟಿದ್ದು. ಕೂಸು ಯಾಕೆ ಸುಳ್ಳು ಹೇಳೀತು?”

ಅಮಲ್ದಾರರು ಬರೆದುಕೊಂಡರು. ಮಾರಜ್ಜನ ನೀರಗಂಟಿಕೆ ಹೋಯಿತು. ತೂಬಿನ ಕೋಲನ್ನು ನಮ್ಮ ಜಗಲಿಗೆ ಒರಗಿಸಿ, ಸಣ್ಣಿಯ ಅಪ್ಪನಾದ ತನ್ನ ಮಗನ ಜೊತೆ ಪಾವಗಡದ ಕಡೆ ಹೊರಟುಹೋದ. ಅಮ್ಮ ಅಪ್ಪನಿಗೆ ಊಟ ಬಡಿಸುವುದನ್ನು ಬಿಡಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅನ್ನ ಮಾಡಿದ ದಿನ ಅವಳು ಮಾತ್ರ ಮುದ್ದೆಯನ್ನೇ ಉಣ್ಣುತ್ತಿದ್ದಳು, ಸಾಯುವವರೆಗೂ. ಯಾಕೆಂದು ಅಪ್ಪ ಒಮ್ಮೆಯೂ ಕೇಳಲಿಲ್ಲ.

ಏರಿಯನ್ನು ಆಮೇಲೆ ಕಟ್ಟಿದರು. ಆದರೆ ಹೂಳು ತುಂಬಿ, ಹಳ್ಳದ ದಾರಿ ಮುಚ್ಚಿ, ಕೆರೆ ಈಗ ಜಾಲಿಯ ಕಾಡು. ಅಂಗಡಿಯ ಅಕ್ಕಿ ಬಂದು ಎಲ್ಲರೂ ದಿನಾ ಅನ್ನ ಉಣ್ಣುತ್ತಾರೆ. ಏರಿಯ ಮೇಲೆ ನಿಂತು ಸರದಿ ಕೂಗುವ ದನಿ ಹೇಗಿತ್ತೆಂದು ಕೇಳಿದರೆ ಹೇಳುವವರು ನನ್ನನ್ನು ಬಿಟ್ಟು ಯಾರೂ ಉಳಿದಿಲ್ಲ. ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಮೊಮ್ಮಗಳ ಕೈ ಹಿಡಿದು ಕೋಡಿಗೆ ಹೋಗಿದ್ದೆ. ಮೀನು ಹಾಗೆಯೇ ಇದೆ, ಹೊಟ್ಟೆಯೂ ಬೆನ್ನೂ ಒಣಗಿ ಬಿರುಕು ಬಿಟ್ಟಿದೆ. “ಇದನ್ನ ಯಾರಜ್ಜಿ ಕೆತ್ತಿದ್ದು?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅದು ನಿಜ.

ಅವಳು ಕೇಳದೆ ಇದ್ದದ್ದಕ್ಕೂ ಉತ್ತರ ಹೇಳಿಬಿಡುತ್ತೇನೆ, ಬರೆದುಕೊಳ್ಳುವ ಅಮಲ್ದಾರರು ಈಗಿಲ್ಲದಿದ್ದರೂ. ಕೋಡಿಗೆ ಕಲ್ಲು ಇಡಿಸಿದ್ದು ನಮ್ಮಪ್ಪ. ಸಂದಿಗೆ ಹೆಂಟೆ ಹೊತ್ತು ತಂದದ್ದು ನಾನು.