ಮೇಷ್ಟ್ರ ಮನೆಯ ವಾಷಿಂಗ್ ಮೆಷಿನ್

ಗೃಹೋಪಯೋಗಿ ಯಂತ್ರಗಳ ದುರಸ್ತಿಯನ್ನು ಒಂದು ವಿದ್ಯೆಯೆಂದು ತಿಳಿದು, ವಿದ್ಯೆಯೆಂದೇ ಕಲಿಸಿದವರು ವಿರಳ. ಆ ವಿರಳರಲ್ಲಿ ಮೊದಲ ಸಾಲಿಗೆ ಸೇರುವ ನಮ್ಮ ಮೇಷ್ಟ್ರು, ತರಬೇತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷಗಳ ಸೇವೆ ಸಲ್ಲಿಸಿ ಈಗ ನಿವೃತ್ತರಾಗುತ್ತಿದ್ದಾರೆ.

ಈ ಸಾಲುಗಳನ್ನು ಬರೆಯುತ್ತಿರುವ ಶಿಷ್ಯೆ ಅವರಲ್ಲಿಗೆ ಬಂದಾಗ, ಸ್ಕ್ರೂಡ್ರೈವರ್ ಹಿಡಿಯಲೂ ಬಾರದ, ಇಬ್ಬರು ಮಕ್ಕಳ ತಾಯಿ. ಮೊದಲ ವಾರವೇ ಅವಳು ಒಂದು ಸರ್ಕ್ಯೂಟ್ ಬೋರ್ಡನ್ನು ಸುಟ್ಟು ಕರಕಲು ಮಾಡಿದಾಗ ಗದರದೆ, ತಾವು ಕಲಿಯುವಾಗ ಸುಟ್ಟ ಬೋರ್ಡುಗಳನ್ನೆಲ್ಲ ಕಪಾಟಿನಿಂದ ತೆಗೆದು ತೋರಿಸಿದ ಔದಾರ್ಯ ಅವರದು. ಯಂತ್ರ ಬಿಚ್ಚುವ ಮುನ್ನ, ಅದರಲ್ಲಿ ದಿನವೂ ಬಟ್ಟೆ ಒಗೆಯುವವರನ್ನು ವಿಚಾರಿಸಬೇಕೆಂಬುದು ಅವರ ಮೊದಲ ಪಾಠ.

ದೀಪದ ಬುಡದಲ್ಲೇ ಕತ್ತಲೆ. ಕಳೆದ ತಿಂಗಳು ಮೇಷ್ಟ್ರ ಮನೆಯ ಯಂತ್ರವೇ ಮುಷ್ಕರ ಹೂಡಿತು. ಬಟ್ಟೆ ಹಿಂಡುವ ಹೊತ್ತಿಗೆ ಪರದೆಯ ಮೇಲೆ ದೋಷದ ಸಂಖ್ಯೆ ಮೂಡಿ, ಕುಂಯ್‌ಗುಟ್ಟಿ ನಿಂತುಬಿಡುತ್ತಿತ್ತು. ಮೇಷ್ಟ್ರು ನಾಲ್ಕು ದಿನ ಮೀಟರು ಹಿಡಿದು ಕುಳಿತರೂ ಬೋರ್ಡಿನಲ್ಲಿ ತಪ್ಪು ಸಿಗಲಿಲ್ಲ. ತಮ್ಮ ಕೈ ಸೋತಿತೆಂದು ನೊಂದ ಅವರು, ನಿವೃತ್ತಿಯ ನಂತರ ನಡೆಸಲು ಒಪ್ಪಿದ್ದ ಸಂಜೆಯ ತರಗತಿಯನ್ನೂ ಕೈಬಿಟ್ಟರು. ಅದನ್ನೇ ನಂಬಿ ಹೆಸರು ಕೊಟ್ಟಿದ್ದ ಹೆಂಗಸರು ಪೆಚ್ಚಾದರು.

ಸುದ್ದಿ ತಿಳಿದ ಶಿಷ್ಯೆ ಮನೆಗೆ ಧಾವಿಸಿದಳು. ಗುರುಗಳ ಮುಂದೆ ಮೀಟರು ಎತ್ತಿಕೊಳ್ಳುವ ಧೈರ್ಯವಾಗದೆ, ಒದ್ದೆ ಬಟ್ಟೆಯ ಬಕೆಟ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಪತ್ನಿಯನ್ನು, ಇದು ಯಾವಾಗ ನಿಲ್ಲುತ್ತದೆಂದು ಕೇಳಿದಳು.

“ಹೊದಿಕೆ ಹಾಕಿದಾಗ ಮಾತ್ರ ನೋಡಮ್ಮ. ಇವರು ನಾಲ್ಕು ದಿನದಿಂದ ಖಾಲಿ ಓಡಿಸಿ ನೋಡ್ತಿದ್ದಾರೆ. ಖಾಲಿ ಇದ್ರೆ ತಕರಾರೇ ಇಲ್ದೆ ಓಡುತ್ತೆ.”

“ಮತ್ತೆ ನೀನ್ಯಾಕೆ ಹೇಳ್ಲಿಲ್ಲ?” ಎಂದರು ಮೇಷ್ಟ್ರು.

“ನೀವು ಕೇಳಿದ್ರಾ?”

ಗುರು-ಶಿಷ್ಯೆ ಸೇರಿ ಪ್ಲಗ್ ಕಿತ್ತು ಹಿಂಬದಿಯ ತಗಡು ಬಿಚ್ಚಿದರೆ, ಬೋರ್ಡಿಗೆ ಸೇರುವ ಒಂದು ಕನೆಕ್ಟರ್ ಅರ್ಧ ಮಾತ್ರ ಕೂತಿತ್ತು. ಭಾರಕ್ಕೆ ಯಂತ್ರ ನಡುಗಿದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು. ಒತ್ತಿ ಕೂರಿಸಿದ್ದೇ ತಡ, ಎರಡು ಹೊದಿಕೆ ಹೊತ್ತು ಯಂತ್ರ ಕೊನೆಯವರೆಗೂ ತಿರುಗಿತು. ಊರ ಮನೆಯೊಡತಿಯರನ್ನೆಲ್ಲ ವಿಚಾರಿಸಿದ ಮೇಷ್ಟ್ರು ತಮ್ಮ ಮನೆಯೊಡತಿಯನ್ನು ಮರೆತಿದ್ದರು. ಅದು ಹೊಳೆದದ್ದೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದನ್ನು ಕಂಡು ಶಿಷ್ಯೆಗಾದ ಸಂತೋಷ ಅಷ್ಟಿಷ್ಟಲ್ಲ.

ಬರುವ ಸೋಮವಾರ ಸಂಜೆಯ ತರಗತಿ ಆರಂಭವಾಗಲಿದೆ. ಮೊದಲ ದಿನ ಪಾಠ ಹೇಳುವವರು ಮೇಷ್ಟ್ರ ಪತ್ನಿ, ನಮ್ಮ ಅಮ್ಮನವರು. ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುತ್ತಾರಂತೆ. ದಂಪತಿಗಳಿಬ್ಬರೂ ನೂರ್ಕಾಲ ಬಾಳಲಿ, ಮೇಷ್ಟ್ರ ಕೈಗೆ ಎಂದೂ ಬಿಡುವು ಸಿಗದಿರಲಿ ಎಂದು ಶಿಷ್ಯವೃಂದ ಮನಸಾರೆ ಹಾರೈಸುತ್ತದೆ. ಈ ಹಾರೈಕೆಗೆ ಅಮ್ಮನವರ ಒಪ್ಪಿಗೆಯನ್ನು ಮೊದಲೇ ಕೇಳಿ ಪಡೆದಿದ್ದೇವೆ.