ಚಿಗರಿಯ ಪಾಲಿನ ರೊಟ್ಟಿ

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗುಂಡವ್ವನ ಖಾನಾವಳಿ ಇತ್ತು. ತಾಟಿಗೆ ಇನ್ನೊಂದು ರೊಟ್ಟಿ ಹಾಕದೆ ಆಕೆ ಯಾರನ್ನೂ ಏಳಗೊಟ್ಟವಳಲ್ಲ. ಸಾಕೆಂದು ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಲ್ಲೇ ಪಲ್ಯ ಬೀಳುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ದೇವಣಗಾಂವದಿಂದ ಅವಳ ತಮ್ಮ ಸೋಮನಿಂಗ ಮುಧೋಳ ತಳಿಯ ಹೆಣ್ಣು ನಾಯಿಮರಿಯೊಂದನ್ನು ತಂದುಕೊಟ್ಟ. ಜಿಂಕೆಯಂಥ ಕಾಲು ಕಂಡು ಗುಂಡವ್ವ ಅದಕ್ಕೆ ಚಿಗರಿ ಎಂದು ಹೆಸರಿಟ್ಟಳು. ವರ್ಷದೊಳಗೆ ಅದು ಉದ್ದ ಕಾಲಿನ, ಸಣ್ಣ ನಡುವಿನ ನಾಯಿಯಾಗಿ ಬೆಳೆಯಿತು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ದಿನಾ ಉಣ್ಣಲು ಬರುತ್ತಿದ್ದ ಲಾರಿ ಡ್ರೈವರ್ ದಾವಲಮಲಿಕ ಒಮ್ಮೆ ನಗುತ್ತ ಅಂದ: "ಅಕ್ಕಾ, ಬಾಗಿಲದಾಗ ಇಂಥಾ ಬಡಕ ನಾಯಿ ಕಟ್ಟಿದ್ರ, ಒಳಗ ಊಟ ಹೆಂಗಿದ್ದೀತು ಅಂತ ಮಂದಿ ಹೊಳ್ಳಿ ಹೋಗ್ತಾರ."

ಚೇಷ್ಟೆಯ ಮಾತು. ಆದರೆ ಗುಂಡವ್ವನ ಎದೆಗೆ ನಾಟಿತು. ಅಂದಿನಿಂದ ಚಿಗರಿಗೆ ಬೆಣ್ಣೆ ಸವರಿದ ರೊಟ್ಟಿ, ಹಾಲು, ಅನ್ನ ಬೀಳತೊಡಗಿದವು. ಉಣ್ಣಲು ಬಂದವರೂ ತುತ್ತು ಎಸೆದು ಹೋಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಾಯಿಯ ನಡುವೇ ಮಾಯವಾಗಿತ್ತು. ಎದುರಿಗೆ ಬೆಕ್ಕು ಹಾದುಹೋದರೂ ತಲೆ ಎತ್ತದು. ಒಂದು ಮುಂಜಾನೆ ಹಿಂಗಾಲು ಊರಲಾರದೆ ಕುಸಿದು ಕೂತಾಗ ಗುಂಡವ್ವ ಗಾಬರಿಬಿದ್ದು, ಅದನ್ನು ಟಂಟಂನಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದಳು.

ಡಾಕ್ಟರು ಕಾಲು ನೋಡಿದರು, ಪಕ್ಕೆ ಒತ್ತಿದರು. ದಿನಕ್ಕೆ ಎಷ್ಟು ತಿನಿಸುತ್ತೀರಿ ಎಂದು ಕೇಳಿದರು. ಗುಂಡವ್ವನಿಗೆ ಅಚ್ಚರಿಯಾಯಿತು: ಊಟಕ್ಕೂ ಲೆಕ್ಕ ಇಡುವುದುಂಟೇ?

"ಕಾಲಿಗೆ ಏನೂ ಆಗಿಲ್ರಿ ಅವ್ವಾರ, ಮೈ ಭಾರಾಗೇತಿ. ಈ ಜಾತಿ ಇರೂದ ತೆಳ್ಳಗ. ನಾಳೆ ಒಂದಿನ, ಅದಕ್ಕ ಏನೇನ್ ಹಾಕ್ತೀರಿ, ಅಷ್ಟ ಇನ್ನೊಂದು ಪಾಲು ಬಕೇಟಿನ್ಯಾಗೂ ಹಾಕಿ ನೋಡ್ರಿ."

ಮರುದಿನ ಹಾಗೇ ಮಾಡಿದಳು. ಗಿರಾಕಿಗಳು ಎಸೆದ ತುಣುಕಿಗೂ ಸಮನಾದ ತುಣುಕು ಬಕೆಟ್ಟಿಗೆ ಬಿತ್ತು. ಸಂಜೆ ಇಣುಕಿ ನೋಡಿದರೆ, ದುಡಿದು ಬಂದ ಇಬ್ಬರು ಗಂಡಸರು ಹೊಟ್ಟೆ ತುಂಬ ಉಣ್ಣುವಷ್ಟಿತ್ತು. ಮರುಬೆಳಗ್ಗೆ ಗುಂಡವ್ವ ಆ ಬಕೆಟ್ಟನ್ನೇ ಎತ್ತಿಕೊಂಡು ದವಾಖಾನೆಗೆ ಹೋದಳು.

ಡಾಕ್ಟರು ಹೇಳಿದಂತೆ ಚಿಗರಿಯ ಪಾಲನ್ನು ಅರ್ಧಕ್ಕೆ ಇಳಿಸಿದಳು. ವಾರಕ್ಕೊಮ್ಮೆ ಪಕ್ಕೆಯ ಮೇಲೆ ಕೈಯಾಡಿಸಿ, ಎಲುಬು ಬೆರಳಿಗೆ ಹತ್ತದಿದ್ದರೆ ಇನ್ನಷ್ಟು ಕಡಿಮೆ, ತೀರಾ ಚುಚ್ಚಿದರೆ ತುಸು ಹೆಚ್ಚು ಹಾಕುತ್ತಿದ್ದಳು. ಮೊದಮೊದಲು ಚಿಗರಿ ಅವಳ ಮೊಣಕಾಲಿನ ಮೇಲೆ ಗದ್ದವಿಟ್ಟು ನೋಡುತ್ತಿತ್ತು. ಆಗ ಗುಂಡವ್ವ ತಾನೆಂಥ ಪಾಪಿ ಅಂದುಕೊಂಡು ಒಳಗೆದ್ದು ಹೋಗುತ್ತಿದ್ದಳು. ತುತ್ತು ಎಸೆಯಬೇಡಿರೆಂದು ಎಲ್ಲರಿಗೂ ಹೇಳಿದಳು. ದಾವಲಮಲಿಕನೇ ಮುಂದೆ ನಿಂತು ಬೇರೆಯವರ ಕೈ ತಡೆಯುತ್ತಿದ್ದ. ಒಲೆ ಹಚ್ಚುವ ಮುಂಚೆ ನಾಯಿಯನ್ನು ಮೋರಟಗಿ ರಸ್ತೆಯಲ್ಲಿ ಅಡ್ಡಾಡಿಸುವುದು ರೂಢಿಯಾಯಿತು. ಕಡೆಗೆ ಪಾಲು ಗೊತ್ತಾಯಿತು: ಮುಂಜಾನೆ ಮಜ್ಜಿಗೆಯಲ್ಲಿ ಮುರಿದ ಎರಡು ರೊಟ್ಟಿ, ಸಂಜೆ ಎರಡು ರೊಟ್ಟಿಯ ಜೊತೆ ಬೇಯಿಸಿದ ಮೊಟ್ಟೆ.

ಜೋಳದ ಸುಗ್ಗಿ ಮುಗಿದ ದಿನಗಳಲ್ಲಿ, ಒಂದು ಮುಂಜಾನೆ ಇಬ್ಬರೂ ಕೊಯ್ದ ಹೊಲದ ಬದಿಗೆ ಹೋಗುತ್ತಿದ್ದಾಗ ಮೊಲವೊಂದು ಚಂಗನೆ ಎದ್ದಿತು. ಹಗ್ಗ ಗುಂಡವ್ವನ ಕೈಯಿಂದ ಕಿತ್ತುಕೊಂಡು ಹೋಯಿತು. ಚಿಗರಿಯ ಕಾಲು ನೆಲ ಮುಟ್ಟಿದ್ದೇ ಕಾಣಲಿಲ್ಲ. ಗುಂಡವ್ವ ಸೀರೆಯ ನಿರಿಗೆ ಎತ್ತಿ ಹಿಡಿದು, ಹೆಸರು ಕೂಗುತ್ತ ಬೆನ್ನು ಹತ್ತಿದಳು.

ಮೊಲ ತಪ್ಪಿಸಿಕೊಂಡಿತು. ನಾಲಗೆ ಹೊರಚಾಚಿ, ಕಿವಿಗೆಲ್ಲ ಮುಳ್ಳು ಹತ್ತಿಸಿಕೊಂಡು ಚಿಗರಿ ತಿರುಗಿ ಬಂತು. ಗುಂಡವ್ವ ಏದುಸಿರು ಬಿಡುತ್ತ ಬದುವಿನ ಮೇಲೆ ಕೂತು, ನಗುನಗುತ್ತ ಒಂದೊಂದೇ ಮುಳ್ಳು ಕಿತ್ತಳು. ಅಂದು ಖಾನಾವಳಿಯಲ್ಲಿ ರೊಟ್ಟಿ ಬೇಯುವುದು ತಡವಾಯಿತು.