ಬಿಚ್ಚಿದ ಕೈ

ಚಿಕ್ಕಮಗಳೂರಿನ ಹೊಸ ಸರ್ವಿಸ್ ಸ್ಟೇಷನ್ನುಗಳಲ್ಲಿ ಈಗ ನಮ್ಮ ಕಾರಿನ ಹತ್ತಿರ ನಮ್ಮನ್ನೇ ಬಿಡುವುದಿಲ್ಲ. ಗಾಜಿನ ಈಚೆ ಕೂರಿಸಿ ಕಾಗದದ ಲೋಟದಲ್ಲಿ ಏನೋ ಒಂದು ಬಿಸಿ ನೀರು ಕೊಡುತ್ತಾರೆ. ಕಾಫಿಯ ಸೀಮೆಯಲ್ಲಿ ಕೂತು ಅದನ್ನು ಕಾಫಿ ಎಂದು ಒಪ್ಪಿಕೊಳ್ಳುವ ಸಂಕಟ ನಿಮಗೂ ಗೊತ್ತಿರಬಹುದು. ಮೊನ್ನೆ ಬೆಳಿಗ್ಗೆ ಬಿಟ್ಟ ಕಾರು ಮಧ್ಯಾಹ್ನ ಕಳೆದರೂ ಬಂದಿರಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿಯ ಮೇಲೆ ಒಮ್ಮೆ ರೇಗಿ, ರೇಗಿದ್ದಕ್ಕೆ ನಾಚಿ, ಬಂದು ಕೂತಿದ್ದೆ. ಅಷ್ಟರಲ್ಲಿ ಯಾರೋ ಒಳಬಾಗಿಲು ತೆರೆದರು. ಹಳೆಯ ಗೇರ್ ಆಯಿಲಿನ ವಾಸನೆ ಬಂತು. ಎಂಜಿನ್ ಆಯಿಲಿನದು ಬೇರೆ, ಇದು ಬೇರೆ. ಗಂಧಕವನ್ನು ಎಣ್ಣೆಯಲ್ಲಿ ಕಾಯಿಸಿ ಒಲೆಯ ಮೇಲೆ ಮರೆತಂಥ ವಾಸನೆ. ಒಮ್ಮೆ ಕೈಗೆ ಹತ್ತಿದರೆ ಮರುದಿನದ ಊಟದಲ್ಲೂ ಇರುತ್ತದೆ. ನನ್ನ ಪಾಲಿಗೆ ಅದು ಬಾಳೂರಿನ ನಮ್ಮ ಚಿಕ್ಕಪ್ಪನ ಮನೆಯ ವಾಸನೆ.

ಚಿಕ್ಕಪ್ಪನದು ದೊಡ್ಡ ಎಸ್ಟೇಟೇನಲ್ಲ. ಮನೆ ಇಳಿಜಾರಿನಲ್ಲಿ, ತೋಟ ಇಳಿಜಾರಿನಲ್ಲಿ, ದನದ ಕೊಟ್ಟಿಗೆ ಇನ್ನೂ ಇಳಿಜಾರಿನಲ್ಲಿ. ಸಮತಟ್ಟಾಗಿ ಇದ್ದದ್ದು ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಹಾಗಾಗಿ ಮದುವೆಯ ಚಪ್ಪರವೂ ಅಲ್ಲೇ, ಜಗಳದ ಪಂಚಾಯ್ತಿಯೂ ಅಲ್ಲೇ, ಜೀಪಿನ ರಿಪೇರಿಯೂ ಅಲ್ಲೇ. ಜೀಪಿನ ಬೋಲ್ಟು ಬಿಚ್ಚಲು ಚಿಕ್ಕಪ್ಪ ಬೇರೆಯವರನ್ನು ಕರೆದದ್ದನ್ನು ನಾನು ಕಂಡಿಲ್ಲ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಅವರು ಜೀಪಿನ ಅಡಿಗೆ ನುಗ್ಗಿದರೆ ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ಊಟಕ್ಕೆ ಕರೆಯಲು ಬಂದ ಚಿಕ್ಕಮ್ಮ ಆ ಪಾದಗಳಿಗೇ ಹೇಳಿ ಹೋಗುತ್ತಿದ್ದರು.

ನಾನಾಗ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ರಜೆ ಸಿಕ್ಕಿದರೆ ಬಸ್ಸು ಹತ್ತಿ ಬಾಳೂರಿಗೆ ಹೋಗುತ್ತಿದ್ದೆ. ಚಿಕ್ಕಪ್ಪನ ಮೇಲಿನ ಪ್ರೀತಿಗೆ ಅಂತ ಎಲ್ಲರಿಗೂ ಹೇಳುತ್ತಿದ್ದೆ; ಚಿಕ್ಕಮ್ಮನ ಕಡುಬಿನ ಪಾಲೂ ಅದರಲ್ಲಿ ಕಡಿಮೆಯಿರಲಿಲ್ಲ.

ಈ ಚಿಕ್ಕಮ್ಮ ತಮ್ಮ ನಡುವಯಸ್ಸಿನಲ್ಲಿ ಕಾರು ಕಲಿತರು. ಜೀಪು ಹೆಂಗಸರ ಕೈಗೆ ಬಗ್ಗುವುದಿಲ್ಲ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಅವರ ಜೀಪು ಗಂಡಸರ ಕೈಗೂ ಬಗ್ಗುತ್ತಿರಲಿಲ್ಲ, ಆ ಮಾತು ಬೇರೆ. ಚಿಕ್ಕಮ್ಮ ವಾದಕ್ಕೆ ನಿಲ್ಲಲಿಲ್ಲ. ಮನೆಯ ಹಿಂದಿನ ಮರಗಳಿಗೆ ತಾವೇ ಹಬ್ಬಿಸಿದ ಮೆಣಸಿನ ಬಳ್ಳಿಯ ದುಡ್ಡಿನಲ್ಲಿ ಬೇರೆಯವರು ಓಡಿಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ತರಿಸಿ, ಅದೇ ಕಣದಲ್ಲಿ ಸುತ್ತು ಹಾಕಿ ಹಾಕಿ ಕಲಿತರು. ಕಲಿತದ್ದು ಒಂದೇ ಕಾರಣಕ್ಕೆ. ಅವರ ಅಕ್ಕ ಕಳಸದಲ್ಲಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಓದಿನ ಹುಚ್ಚು ಮಾತ್ರ ಹೋಗಿರಲಿಲ್ಲ. ಗುರುವಾರ ಬಸ್ಸಿಗೆ ವಾರಪತ್ರಿಕೆ ಬರುತ್ತಿತ್ತು. ಅದನ್ನೆತ್ತಿಕೊಂಡು ಚಿಕ್ಕಮ್ಮ ಕಾರು ಹತ್ತಿ ಕಳಸಕ್ಕೆ ಹೋಗಿ, ಅಕ್ಕನಿಗೆ ಧಾರಾವಾಹಿ ಓದಿ ಹೇಳಿ, ಇಬ್ಬರೂ ಸೇರಿ ನಾಯಕಿಯ ಅತ್ತೆಯನ್ನು ಬೈದು, ಕತ್ತಲಾಗುವುದರೊಳಗೆ ವಾಪಸು ಬರುತ್ತಿದ್ದರು. ವಾರದ ಉಳಿದ ದಿನಗಳೆಲ್ಲ ಆ ಗುರುವಾರಕ್ಕೆ ಒಗ್ಗರಣೆ.

“ಜೀಪಲ್ಲಿ ನಾನೇ ಬಿಟ್ಟು ಬರ್ತೀನಲ್ಲ” ಎಂದು ಚಿಕ್ಕಪ್ಪ ಒಮ್ಮೆ ಹೇಳಿದಾಗ ಚಿಕ್ಕಮ್ಮ ಅಂದಿದ್ದರು, “ಬಿಟ್ಟು ಬರೋದು ಬೇರೆ, ಹೋಗಿ ಬರೋದು ಬೇರೆ.”

ಒಂದು ಬೇಸಿಗೆಯ ಮೊದಲಿಗೆ ಕಾರು ಗೊಣಗತೊಡಗಿತು. ನೆಟ್ಟಗೆ ಹೋದರೆ ಸುಮ್ಮನಿರುವುದು, ತಿರುವಿನಲ್ಲಿ ಕಟಕಟ ಹಲ್ಲು ಕಡಿಯುವುದು. ಕಳಸದ ರಸ್ತೆಯಲ್ಲಿ ನೆಟ್ಟಗೆ ಇರುವ ಜಾಗ ಎಷ್ಟಿದೆ ಎಂದು ಆ ಕಡೆ ಹೋದವರಿಗೆ ಗೊತ್ತು. ಮೂಡಿಗೆರೆಯ ಮೆಕ್ಯಾನಿಕ್ ವಾಸು ಯಾವುದೋ ಜೀಪು ನೋಡಲು ಈ ಕಡೆ ಬಂದವನು ಇದನ್ನೂ ಓಡಿಸಿ ನೋಡಿದ.

“ಡಿಫರೆನ್ಶಿಯಲ್ ಹೋಗಿದೆ ಗೌಡ್ರೆ. ಜೀಪಿನ ಹಂಗೆ ಹಿಂದ್ಗಡೆ ಇರಲ್ಲ ಇದ್ರಲ್ಲಿ. ಗೇರ್‌ಬಾಕ್ಸಿನ ಹೊಟ್ಟೆ ಒಳ್ಗೇ ಇರತ್ತೆ. ಗೇರ್‌ಬಾಕ್ಸ್ ಪೂರ್ತಿ ಬಿಚ್ಬೇಕು.”

ಅದರ ಕೆಲಸವೇನು ಎಂದು ಚಿಕ್ಕಮ್ಮ ಕೇಳಿದರು. ತಿರುವಿನಲ್ಲಿ ಒಳಗಿನ ಚಕ್ರ ನಿಧಾನ ತಿರುಗಬೇಕು, ಹೊರಗಿನದು ಬೇಗ ತಿರುಗಬೇಕು. ಒಂದಕ್ಕೊಂದು ಅಷ್ಟು ಬಿಟ್ಟುಕೊಡಲಿ ಅಂತ ಮಧ್ಯೆ ಇರುವುದೇ ಅದು ಎಂದು ವಾಸು ಎರಡು ಕೈ ತಿರುಗಿಸಿ ತೋರಿಸಿದ.

ಚಿಕ್ಕಮ್ಮ ನನ್ನ ಕಡೆ ತಿರುಗಿ, “ನಿಮ್ಮ ಚಿಕ್ಕಪ್ಪನಿಗೆ ಅದನ್ನ ಹುಟ್ಟುವಾಗ್ಲೇ ಹಾಕಿಲ್ಲ ಮಾರಾಯ” ಅಂದರು. ಚಿಕ್ಕಪ್ಪನೂ ನಕ್ಕರು. ಆ ದಿನ ಎಲ್ಲರೂ ನಕ್ಕೆವು.

ವಾಸು ಒಂದು ವಾರ ಬಿಟ್ಟು ಬರುತ್ತೇನೆಂದ. ಹೊರನಾಡಿನಲ್ಲಿ ಯಾರದೋ ಬಸ್ಸಿನ ಕೆಲಸ ಒಪ್ಪಿಕೊಂಡಿದ್ದನಂತೆ. ಅವನು ಅತ್ತ ಹೋದ ಮೇಲೆ ಚಿಕ್ಕಪ್ಪ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. “ಒಂದು ವಾರ ಎಂತಕ್ಕೆ? ಗುರುವಾರ ತಪ್ಪಿ ಹೋಗ್ತದೆ ಇವಳಿಗೆ. ಗೇರ್‌ಬಾಕ್ಸ್ ಅಂದ್ರೆ ಗೇರ್‌ಬಾಕ್ಸೇ. ನಾಳೆ ಬಿಚ್ಚಿ, ನಾಡಿದ್ದು ಹಾಕಿದ್ರೆ ಆಯ್ತು” ಎಂದರು. ಇದನ್ನು ನಾನು ಒತ್ತಿ ಹೇಳಬೇಕು. ಅವರು ಅದನ್ನು ಬಿಚ್ಚಿದ್ದು ಜಂಬಕ್ಕಲ್ಲ. ಹೆಂಡತಿಗೆ ಗುರುವಾರ ತಪ್ಪಬಾರದು ಎಂಬುದಕ್ಕೆ. ಆಮೇಲೆ ನಡೆದದ್ದನ್ನೆಲ್ಲ ನೆನೆದು ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದಾಗಲೆಲ್ಲ ಈ ಒಂದು ಮಾತು ಅಡ್ಡ ಬರುತ್ತದೆ.

ಮರುದಿನ ನಾನೇ ಸಹಾಯಕ. ಹದಿನಾಲ್ಕರ ಸ್ಪ್ಯಾನರ್ ಕೇಳಿದರೆ ಹನ್ನೆರಡರದ್ದು ಕೊಡುವ ಸಹಾಯಕ. ಕಣದ ಅರ್ಧ ಭಾಗದಲ್ಲಿ ಚಿಕ್ಕಮ್ಮನ ಕಾಳುಮೆಣಸು ಹರಡಿತ್ತು; ಉಳಿದರ್ಧದಲ್ಲಿ ಕಾರು. ಎಣ್ಣೆ ಇಳಿಸಿ, ಚಕ್ರದ ಕಡೆಯ ಶಾಫ್ಟುಗಳನ್ನು ಕಿತ್ತು, ಗೇರ್‌ಬಾಕ್ಸನ್ನು ಗೋಣಿಚೀಲದ ಮೇಲೆ ಮಲಗಿಸಿ ಎರಡು ಹೋಳು ಮಾಡಿದೆವು. ಒಳಗೆ ಹಲ್ಲಿನ ಚಕ್ರಗಳು ಒಂದರ ಮೇಲೊಂದು ಬಳೆ ಪೇರಿಸಿದ ಹಾಗೆ ಕೂತಿದ್ದವು. ಅವನ್ನು ಹೊರಗೆ ತೆಗೆಯಬೇಕಾದರೆ ಗೇರ್ ಬದಲಿಸುವ ಸರಳನ್ನು ಮೊದಲು ಎಳೆಯಬೇಕು. ಆ ಸರಳನ್ನು ಜಾಗದಲ್ಲಿ ಒತ್ತಿ ಹಿಡಿಯುವುದಕ್ಕೆ ಒಂದು ಸ್ಪ್ರಿಂಗು, ಅದರ ತುದಿಗೆ ಒಂದು ಉಕ್ಕಿನ ಗುಂಡು. ಚಿಕ್ಕಪ್ಪನ ಜೀಪಿನಲ್ಲಿ ಅದು ಇದ್ದ ಜಾಗವೇ ಬೇರೆ. ಇಲ್ಲಿ ಅವರು ಸರಳನ್ನು ನೇರ ಎಳೆದರು. ಟಿಣ್ ಎಂದು ಗುಂಡು ಹಾರಿತು. ಅದು ಕಾಳುಮೆಣಸಿನಷ್ಟೇ ದಪ್ಪ. ಹಾರಿದ್ದು ಕಾಳುಮೆಣಸಿನ ಕಡೆಗೇ.

ಆ ಸಂಜೆಯವರೆಗೂ ನಡೆದ ಹುಡುಕಾಟವನ್ನು ನೀವು ನೋಡಬೇಕಿತ್ತು. ಕೆಲಸದ ಹೆಂಗಸರು ಜರಡಿ ಹಿಡಿದು ಬಂದರು. ಚಿಕ್ಕಪ್ಪ ಕೆಟ್ಟ ರೇಡಿಯೋ ಒಡೆದು ಅದರ ಅಯಸ್ಕಾಂತಕ್ಕೆ ದಾರ ಕಟ್ಟಿ ಮೆಣಸಿನ ಮೇಲೆ ಎಳೆದರು. ಮೊಳೆ ಸಿಕ್ಕಿತು, ತಲೆಪಿನ್ನು ಸಿಕ್ಕಿತು, ಬ್ಲೇಡಿನ ಚೂರು ಸಿಕ್ಕಿತು, ಗುಂಡು ಸಿಗಲಿಲ್ಲ. “ಯಾರ ಸಾರಿಗೆ ಬೀಳುತ್ತೋ, ಯಾರ ಹಲ್ಲು ಹೋಗುತ್ತೋ” ಎಂದು ಚಿಕ್ಕಮ್ಮ ಆಗಲೂ ನಗುತ್ತಲೇ ಇದ್ದರು.

ಡಿಫರೆನ್ಶಿಯಲ್ಲನ್ನು ನಾನೇ ಪೇಟೆಯಿಂದ ತಂದುಕೊಟ್ಟೆ. ಆ ಗುಂಡು ಮಾತ್ರ ಬಿಡಿಯಾಗಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಚಿಕ್ಕಪ್ಪ ಹಳೆ ಸೈಕಲ್ಲಿನ ಗಾಲಿಯಿಂದ ಒಂದು ಗುಂಡು ತೆಗೆದು ಹಾಕಿದರು. ಅದು ಕಳೆದುಹೋದದ್ದಕ್ಕಿಂತ ಕೂದಲೆಳೆಯಷ್ಟು ಸಣ್ಣದು. ಎಲ್ಲ ಸೇರಿಸಿ ಮುಚ್ಚಿದಾಗ ಗುರುವಾರ ಕಳೆದುಹೋಗಿತ್ತು. ಆದರೂ ಕಾರು ಓಡಿತು. ತಿರುವಿನ ಕಟಕಟ ನಿಂತಿತ್ತು. ಚಿಕ್ಕಪ್ಪ ಕೈ ಒರೆಸಿಕೊಂಡು ಕೀಲಿಯನ್ನು ಚಿಕ್ಕಮ್ಮನಿಗೆ ಕೊಟ್ಟ ಗತ್ತು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಓಡಿಸಿ ನೋಡಲು ಹೊರಟಾಗ ಚಿಕ್ಕಪ್ಪ ಕಣದಲ್ಲೇ ನಿಂತರು; ಜೊತೆಗೆ ಹೋದವನು ನಾನೊಬ್ಬನೇ, ಹಿಂದಿನ ಸೀಟಿನಲ್ಲಿದ್ದೆ. ಇಳಿಜಾರಿನಲ್ಲಿ ಚಿಕ್ಕಮ್ಮ ಆಕ್ಸಿಲರೇಟರ್ ಬಿಟ್ಟ ಕೂಡಲೇ ಮೂರನೇ ಗೇರು ಟಕ್ ಎಂದು ತಾನಾಗಿ ಕಳಚಿ ನ್ಯೂಟ್ರಲ್ಲಿಗೆ ಬಂತು; ಸಣ್ಣ ಗುಂಡಿಗೆ ಸರಳನ್ನು ಹಿಡಿದಿಡಲು ಆಗಲಿಲ್ಲ. ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು. ಚಿಕ್ಕಮ್ಮ ಗಾಬರಿಯಾಗದೆ ಬ್ರೇಕು ಹಿಡಿದು ಚರಂಡಿಯ ಪಕ್ಕ ನಿಲ್ಲಿಸಿದರು. ಗಾಬರಿಯಾದದ್ದು ನಾನು.

“ಇದನ್ನ ವಾಸುಗೆ ತೋರ್ಸಿ” ಅಂದರು ಚಿಕ್ಕಮ್ಮ, ಮನೆಗೆ ಬಂದು.

“ವಾಸು ಎಂತಕ್ಕೆ? ಇಳಿಜಾರಲ್ಲಿ ಗೇರ್ ಲಿವರನ್ನ ಕೈಯಲ್ಲಿ ಒತ್ತಿ ಹಿಡ್ಕೊಂಡ್ರೆ ಆಯ್ತು. ಜೀಪಲ್ಲಿ ನಾವೆಲ್ಲ ಹಂಗೇ ಓಡಿಸಿದ್ದು.” ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

“ಒಂದು ಕೈ ಗೇರಿಗೆ ಕೊಟ್ರೆ, ಕಳಸದ ತಿರುವಿಗೆ ನಂಗೆ ಇನ್ನೊಂದೆರಡು ಕೈ ಬೇಕು” ಎಂದು ಚಿಕ್ಕಮ್ಮ ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋದರು.

ನಾನೇ ಮೂಡಿಗೆರೆಗೆ ಹೋಗಿ ವಾಸುವನ್ನು ಕೇಳಿದೆ. ಅವನು ಆಗಲ್ಲ ಎಂದು ತಲೆಯಾಡಿಸಿದ. ಮೆಕ್ಯಾನಿಕ್‌ಗಳಲ್ಲಿ ಒಂದು ಪದ್ಧತಿ. ಬೇರೆಯವರು ಬಿಚ್ಚಿ ಮುಚ್ಚಿದ ಗೇರ್‌ಬಾಕ್ಸನ್ನು ಮುಟ್ಟುವುದಿಲ್ಲ. “ಬಿಚ್ಚಿದ ಕೈಯೇ ಕಟ್ಬೇಕು ಸಾರ್. ಇಲ್ಲಾಂದ್ರೆ ಬಿಚ್ಚಿದವ್ರೇ ಬಂದು, ನನ್ನ ಕೈಲಾಗ್ಲಿಲ್ಲ, ನೀನು ನೋಡು ಅಂತ ಹೇಳ್ಬೇಕು. ಗೌಡ್ರು ಒಂದು ಮಾತು ಹೇಳ್ಲಿ, ಅವತ್ತೇ ಬರ್ತೀನಿ. ಸುಮ್ನೆ ಮುಟ್ಟಿದ್ರೆ ನಾಳೆ ವಾಸು ಕೆಡಿಸ್ದ ಅಂತಾರೆ.” ಇದನ್ನು ಬಂದು ಚಿಕ್ಕಪ್ಪನಿಗೆ ಹೇಳಿದೆ. “ಬೇಕಿದ್ರೆ ಅವನೇ ಬಂದು ಕೇಳ್ಲಿ” ಅಂದರು. ಅಷ್ಟೇ. ಹೇಳದೆ ಉಳಿದದ್ದು ಮೂರು ನಾಲ್ಕು ಪದದ ಒಂದು ಮಾತು. ಅದು ಇಬ್ಬರ ನಡುವೆ ಬಿದ್ದುಕೊಂಡಿತು, ಕಾರು ಕಣದ ಮೂಲೆಯಲ್ಲಿ ಟಾರ್ಪಾಲಿನ ಅಡಿ ಬಿದ್ದುಕೊಂಡಿತು.

ಚಿಕ್ಕಮ್ಮ ಕೆಲವು ವಾರ ಬಸ್ಸಿನಲ್ಲಿ ಹೋದರು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೋದರೆ ಓದಲು ಹೊತ್ತಿಲ್ಲ, ಕೂತರೆ ವಾಪಸು ಬಸ್ಸಿಲ್ಲ. ಚಿಕ್ಕಪ್ಪ ಜೀಪು ತೆಗೆಯಲು ಸಿದ್ಧರಿದ್ದರು, ಚಿಕ್ಕಮ್ಮ ಹತ್ತಲಿಲ್ಲ. ಮಳೆ ಹಿಡಿಯಿತು, ರಸ್ತೆ ಅಲ್ಲಲ್ಲಿ ಕುಸಿಯಿತು. ವಾರಪತ್ರಿಕೆಗಳನ್ನು ಚಿಕ್ಕಮ್ಮ ಓದದೆ ಮಂಚದ ಕೆಳಗೆ ಜೋಡಿಸಿಡುತ್ತಿದ್ದರು, ಒಟ್ಟಿಗೆ ಓದೋಣ ಎಂದು. ಆ ಮಳೆಗಾಲದಲ್ಲೇ ಅಕ್ಕ ಹೋದರು. ಕಾರು ಇದ್ದಿದ್ದರೆ ಅವರು ಬದುಕುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ವಯಸ್ಸಾಗಿತ್ತು. ಆದರೆ ಧಾರಾವಾಹಿ ಅರ್ಧಕ್ಕೇ ನಿಂತುಹೋಯಿತು.

ತಿಥಿ ಮುಗಿದ ಮೇಲೆ ಚಿಕ್ಕಪ್ಪ ಒಬ್ಬರೇ ಜೀಪು ಹತ್ತಿ ಮೂಡಿಗೆರೆಗೆ ಹೋಗಿ ವಾಸುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದರು. ಅವನಿಗೆ ಏನು ಹೇಳಿದರೋ ಗೊತ್ತಿಲ್ಲ, ಹೇಳಬೇಕಾದ್ದನ್ನೇ ಹೇಳಿರಬೇಕು. ವಾಸು ಗೇರ್‌ಬಾಕ್ಸ್ ಬಿಚ್ಚಿ, ಯಾವುದೋ ಹಳೆ ಗೇರ್‌ಬಾಕ್ಸಿನಿಂದ ತೆಗೆದಿಟ್ಟಿದ್ದ ಸರಿಯಾದ ಗುಂಡು ಹಾಕಿ, ಸಂಜೆಯೊಳಗೆ ಕಟ್ಟಿಕೊಟ್ಟ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ. ಕಾರು ಬಾಗಿಲಿಗೆ ಬಂದು ನಿಂತಿತು. ಚಿಕ್ಕಮ್ಮ ಹೊರಗೆ ಬಂದು ನೋಡಿ, “ಇನ್ನು ಎಲ್ಲಿಗೆ?” ಎಂದು ಕೇಳಿ ಒಳಗೆ ಹೋದರು. ಜಗಳವಾಡಿದ್ದರೆ ವಾಸಿಯಿತ್ತು ಅನ್ನಿಸಿತು ನನಗೆ.

ಆಮೇಲೆ ಸುಮಾರು ದಿನ ಚಿಕ್ಕಪ್ಪ ಒಂದು ಕೆಲಸ ಮಾಡುತ್ತಿದ್ದರು. ಗುರುವಾರ ಬೆಳಿಗ್ಗೆ ಕಾರನ್ನು ಒರೆಸಿ, ಎಡಗಡೆಯ ಸೀಟಿನಲ್ಲಿ ಹೋಗಿ ಕೂರುತ್ತಿದ್ದರು. ಜನ್ಮದಲ್ಲಿ ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂತ ಮನುಷ್ಯ ಅಲ್ಲ. ಕೀಲಿ ಡ್ಯಾಶ್‌ಬೋರ್ಡಿನ ಮೇಲೆ. ಸ್ವಲ್ಪ ಹೊತ್ತು ಕೂತು, ಎದ್ದು ತೋಟಕ್ಕೆ ಹೋಗುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ಕೊನೆಗೊಂದು ದಿನ ಕಾರನ್ನು ಮಾರಿದರು. ಚಿಕ್ಕಪ್ಪ ತೀರಿಕೊಂಡೂ ಈಗ ವರ್ಷಗಳಾದವು. ಚಿಕ್ಕಮ್ಮ ಆಲ್ದೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ.

ಗಾಜಿನ ಈಚೆ ಕೂತ ನನಗೆ ಮೊನ್ನೆ ಏನು ತೋಚಿತೋ, ಅವರಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. “ಚಿಕ್ಕಪ್ಪ ಕಾರಲ್ಲಿ ಕೂತಿರೋರಲ್ಲ ಗುರುವಾರ, ನೀವು ಯಾಕೆ ಹೋಗ್ಲಿಲ್ಲ?”

ಅವರು ಹೇಳಿದರು, “ಒಂದು ಸಲ ಕರೆದಿದ್ರೆ ಹೋಗ್ತಿದ್ದೆ. ಎಲ್ಲಿಗಾದ್ರೂ ಸರಿ. ಬಂದು ಕೂರೋರೇ ಹೊರತು ಕರೀಲಿಲ್ಲ.”

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಕಿಟಕಿ ಹತ್ರ ನಿಂತ್ಕೊಂಡು, ಇವತ್ತು ಕರೀತಾರೆ, ಇವತ್ತು ಕರೀತಾರೆ ಅಂತ ಸೀರೆ ಬದಲಾಯಿಸ್ಕೊಂಡು ಕಾಯ್ತಿದ್ದೆ ಮಾರಾಯ. ನಾನಾದ್ರೂ ಹೊರಗೆ ಬರ್ಬಹುದಿತ್ತು. ಬರ್ಲಿಲ್ಲ.” ಆಮೇಲೆ, ಏನೂ ಆಗಿಲ್ಲವೆಂಬಂತೆ, “ಊಟ ಆಯ್ತಾ ನಿಂದು?” ಎಂದು ಕೇಳಿದರು.

ಆಗಿರಲಿಲ್ಲ. ಆಯ್ತು ಚಿಕ್ಕಮ್ಮ, ಅಂದೆ.